ಬರಿಗಾಲಲ್ಲಿ ಬಿಸಿ ನೋಡುತ್ತಿದ್ದ ಭಾವ

ಪಾದ ಜೋಮು ಹಿಡಿದಿರುವುದನ್ನು ಭಾವ ನನಗೆ ಹೇಳಲಿಲ್ಲ. ಅಕ್ಕನಿಗೆ ಗೊತ್ತಿತ್ತು, ಎದುರಿನ ಚಹಾ ಅಂಗಡಿಯವನಿಗೂ ಗೊತ್ತಿತ್ತು. ದಿನವಿಡೀ ಅವರ ಪಕ್ಕದಲ್ಲೇ ಸ್ಪ್ಯಾನರ್ ಹಿಡಿದು ನಿಂತ ನನಗೆ ಮಾತ್ರ ಗೊತ್ತಿರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅಕ್ಕನ ಗಂಡನಾದರೂ ಅವರು ನನಗೆ ಯಜಮಾನರು. ಶಾಲೆಯವರು ನನ್ನನ್ನು ಓಡಿಸಿದ ವರ್ಷವೇ ತಮ್ಮ ರಿಪೇರಿ ಶೆಡ್ಡಿಗೆ ಸೇರಿಸಿಕೊಂಡವರು. ಹಳೆಯ ಕಾರುಗಳ ಹೀಟರು, ಗಾಳಿ ಬರುವ ಕೊಳವೆಗಳು, ಇವೇ ಅವರ ಕಸುಬು. ಬೇರೆಯವರು ಕಾರು ಬಂದ ಕೂಡಲೇ ಬಾನೆಟ್ ಎತ್ತುತ್ತಾರೆ. ಭಾವ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕುಳಿತು, ಗಾಜು ಏರಿಸಿ, ಎಂಜಿನ್ ಕಾದ ಮೇಲೆ ಕಣ್ಣು ಮುಚ್ಚುತ್ತಿದ್ದರು. ಗಾಳಿ ಎಲ್ಲಿ ಸೋರುತ್ತದೆ, ಬಿಸಿ ಎಲ್ಲಿ ನಿಂತುಹೋಗಿದೆ ಎಂದು ಬರಿಗಾಲೇ ಅವರಿಗೆ ಹೇಳುತ್ತಿತ್ತು. ನಿದ್ದೆ ಮಾಡೋಕೂ ದುಡ್ಡು ತಗೊಳ್ಳೋರು ನೀವೊಬ್ಬರೇ ಎಂದು ಚಹಾ ಅಂಗಡಿಯವನು ಕಿಚಾಯಿಸುತ್ತಿದ್ದ.

ನಮ್ಮಿಬ್ಬರಲ್ಲಿ ಒಂದು ಕರಾರಿತ್ತು. ಏನು ಕೆಟ್ಟಿದೆ ಎಂದು ಬಿಚ್ಚುವ ಮೊದಲೇ ಇಬ್ಬರೂ ಹೇಳಬೇಕು. ಗೆದ್ದವನು ರಿಪೇರಿಯಾದ ಕಾರನ್ನು ಒಂದು ಸುತ್ತು ಓಡಿಸಬೇಕು, ಸೋತವನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಪ್ರತಿ ಸಲವೂ ಪಕ್ಕದಲ್ಲಿ ಕೂತದ್ದು ನಾನೇ.

ಒಂದು ಚಳಿಗಾಲ ಹಲ್ಲಿನ ಡಾಕ್ಟರಮ್ಮ ತಮ್ಮ ಹಳೆಯ ಸ್ಪೋರ್ಟ್ಸ್ ಕಾರು ತಂದರು. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಷ್ಟು ತಗ್ಗು. ಮುಂದಿನ ಗಾಜು ಮಸುಕಾಗಿ ರಸ್ತೆಯೇ ಕಾಣುವುದಿಲ್ಲ ಎಂಬುದು ಅವರ ದೂರು. ನಾನು ಕೈಯಿಟ್ಟು ನೋಡಿದೆ. ಕಾಲ ಬಳಿ ಬಿಸಿ ಧಾರಾಳವಾಗಿತ್ತು, ಗಾಜಿನ ಕಡೆ ಉಸಿರೇ ಇಲ್ಲ. ಗಾಳಿಯನ್ನು ಮೇಲಕ್ಕೋ ಕೆಳಕ್ಕೋ ತಿರುಗಿಸುವ ಮುಚ್ಚಳ ಕೆಟ್ಟಿದೆ ಎಂದೆ. ಭಾವ ಬರಿಗಾಲಲ್ಲಿ ಬಹಳ ಹೊತ್ತು ಕುಳಿತು ಅಲ್ಲವೆಂದು ತಲೆಯಾಡಿಸಿದರು. ಬಿಸಿಯೇ ಬರುತ್ತಿಲ್ಲವಂತೆ, ಹೀಟರಿನ ಒಳಗೆ ಬಿಸಿನೀರಿನ ದಾರಿಯೇ ಕಟ್ಟಿಕೊಂಡಿದೆಯಂತೆ. ಬರುತ್ತಿದೆ ಎಂದು ನಾನು ಕೂಗಾಡಿದೆ. ನಿನ್ನ ಮೈಯೇ ಸದಾ ಕಾದಿರುತ್ತದೆ ಮೆಣಸಿನಕಾಯಿ, ನಿನಗೇನು ತಿಳಿಯುತ್ತದೆ ಎಂದು ನಕ್ಕುಬಿಟ್ಟರು.

ಯಜಮಾನರ ಮಾತು. ಡ್ಯಾಶ್‌ಬೋರ್ಡ್ ಪೂರ್ತಿ ಕಳಚಿದೆವು. ಬಿಸಿಲು ತಿಂದಿದ್ದ ಪ್ಲಾಸ್ಟಿಕ್ಕು ಕೈಯಲ್ಲೇ ಬಿರುಕು ಬಿಟ್ಟಿತು. ಹೀಟರಿಗೆ ನೀರು ಬಿಟ್ಟರೆ ಈ ಕಡೆ ಹೋದದ್ದು ಆ ಕಡೆ ಸರಾಗವಾಗಿ ಸುರಿಯಿತು. ಮುಚ್ಚಳದ ಸ್ಪಂಜು ಮಾತ್ರ ಪುಡಿಪುಡಿಯಾಗಿ ಉದುರಿತ್ತು. ಹೊಸದು ಅಂಟಿಸಿ, ಎಲ್ಲ ಮುಚ್ಚುವ ಮೊದಲು ಎಂಜಿನ್ ಚಾಲೂ ಮಾಡಿದೆವು. ಭಾವ ಮತ್ತೆ ಒಳಗೆ ಕುಳಿತರು.

"ಬಿಸಿ ಬಂತೇನೋ?" ಎಂದು ಕೇಳಿದರು.

ಬಗ್ಗಿ ನೋಡಿದೆ. ಅವರ ಹಿಮ್ಮಡಿ ಹೀಟರಿನ ಕಾದ ಕೊಳವೆಗೆ ಒತ್ತಿಕೊಂಡು ಬೊಬ್ಬೆ ಎದ್ದಿತ್ತು.

"ಭಾವ, ಕಾಲು ತೆಗೀರಿ."

"ಯಾಕೋ?"

ನನ್ನ ಮುಖ ನೋಡಿದರು, ಆಮೇಲೆ ಕಾಲು. ಬೇರೆ ಯಾರದೋ ಕಾಲನ್ನು ಎತ್ತಿಡುವ ಹಾಗೆ ಎರಡೂ ಕೈಯಲ್ಲಿ ಎತ್ತಿಟ್ಟುಕೊಂಡರು.

ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಒಬ್ಬನೇ ಡ್ಯಾಶ್‌ಬೋರ್ಡ್ ಜೋಡಿಸಿದೆ. ಗಾಜು ತಿಳಿಯಾಯಿತು. ಭಾವ ಕಾರಿನ ಕೀಲಿ ನನ್ನತ್ತ ಚಾಚಿದರು.

"ನೀನೇ ಗೆದ್ದೆ ಕಣೋ ಮೆಣಸಿನಕಾಯಿ. ನಡಿ, ಒಂದು ಸುತ್ತು ಹಾಕೋಣ."

ಮೊದಲು ಆಸ್ಪತ್ರೆ, ಸುತ್ತು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಗದರಿದೆ. ಡಾಕ್ಟರಮ್ಮ ಬಂದು ಡ್ಯಾಶ್‌ಬೋರ್ಡಿನ ಬಿರುಕನ್ನು ಬೆರಳಲ್ಲಿ ಸವರಿದರು. ಚೆನ್ನಾಗಿದ್ದ ಹಲ್ಲು ಕಿತ್ತು ನೋಡಿದ್ದೀರಿ ಎಂದು ನಗುತ್ತಲೇ ಕಾರು ಒಯ್ದರು.

ಸಕ್ಕರೆ ಕಾಯಿಲೆ, ಪಾದ ವರ್ಷದಿಂದ ಸ್ವಲ್ಪಸ್ವಲ್ಪವಾಗಿ ಸಾಯುತ್ತಾ ಬಂದಿದೆ ಎಂದು ಆಸ್ಪತ್ರೆಯಲ್ಲಿ ತಿಳಿಯಿತು. ಅಲ್ಲೇ ಅಕ್ಕನ ಮೇಲೆ ಹರಿಹಾಯ್ದೆ.

"ನಿಂಗೆ ಹೇಳಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ತೀಯ, ಆಮೇಲೆ ಕಾರೊಳಗೆ ಕೂರೋಕೇ ಬಿಡಲ್ಲ ಅಂತ ಹೆದರಿದ್ರು ಕಣೋ," ಎಂದಳು.

ಕಿರುಚುತ್ತಿದ್ದೆ, ನಿಜ. ಕೂರಲು ಬಿಡುತ್ತಲೂ ಇರಲಿಲ್ಲ. ಆದರೆ ಹೊತ್ತುಕೊಂಡಾದರೂ ಆಸ್ಪತ್ರೆಗೆ ತರುತ್ತಿದ್ದೆನಲ್ಲ, ಅದು ಆ ಮನುಷ್ಯನಿಗೆ ಯಾಕೆ ಹೊಳೆಯಲಿಲ್ಲ?

ಹುಣ್ಣು ಮಾಯಲಿಲ್ಲ. ಪಾದ ಕತ್ತರಿಸಿದರು, ಆಮೇಲೆ ಮೊಣಕಾಲಿನವರೆಗೂ. ನಿಂಗೆ ಒಂದು ಸುತ್ತು ಬಾಕಿ ಇದೆ ಎಂದು ಮಲಗಿದಲ್ಲಿಂದಲೇ ನೆನಪಿಸುತ್ತಿದ್ದರು. ಮೊದಲು ಎದ್ದು ಕೂರಿ ಎಂದು ನಾನು ಗದರುತ್ತಿದ್ದೆ. ಏಳಲಿಲ್ಲ.

ಈಗ ಶೆಡ್ಡಿನ ಕಾರನ್ನೆಲ್ಲ ನಾನೇ ಓಡಿಸಿ ನೋಡುತ್ತೇನೆ. ಭಾವ ಸೋತದ್ದು ಅದೊಂದೇ ಸಲ, ಪಕ್ಕದಲ್ಲಿ ಕೂರುವ ತಮ್ಮ ಸರದಿ ತೀರಿಸದೆಯೇ ಹೋಗಿಬಿಟ್ಟರು.