ದೀಪ ಹಚ್ಚಿದ ಮೇಲೆ ಕೊಡಬಾರದವು

ಅವತ್ತು ಬೆಳಿಗ್ಗೆಯೂ ಹಾಲಿನ ಪ್ಯಾಕೆಟ್ ತೊಳೆದು, ಅನ್ನಕ್ಕಿಟ್ಟು, ಹುಳಿಗೆ ಬೇಳೆ ಕೂಗಿಸಿದೆ. ವ್ಯತ್ಯಾಸವಿದ್ದದ್ದು ಒಂದೇ: ಕುಕ್ಕರ್ ಕೂಗುವ ನಡುವೆ ಜರ್ಮನ್ ಪದಗಳನ್ನು ಗೊಣಗುತ್ತಿದ್ದೆ. ಮಧ್ಯಾಹ್ನ ಪರೀಕ್ಷೆಯಿತ್ತು. ಪೀಣ್ಯದ ಕಾರ್ಖಾನೆಯವರು ನಮ್ಮವರನ್ನು ಎರಡು ವರ್ಷಕ್ಕೆ ಜರ್ಮನಿಗೆ ಕಳಿಸುತ್ತಿದ್ದರು. ಹೆಂಡತಿಗೆ ಒಂದಿಷ್ಟು ಭಾಷೆ ಬಂದರೆ ಮಾತ್ರ ಜೊತೆಗೆ ವೀಸಾ. ಇಲ್ಲದಿದ್ದರೆ ಅವರೊಬ್ಬರೇ ಹೋಗಬೇಕು. ಅವರಿಗೆ ಕಾಫಿ ಬಿಟ್ಟು ಬೇರೇನೂ ಮಾಡಿಕೊಳ್ಳಲು ಬಾರದು. ಕಾಫಿಯೂ ಸುಮಾರು.

ಪದಗಳನ್ನು ಬಿಡಿಬಿಡಿಯಾಗಿ ಉರು ಹೊಡೆಯಬೇಡಿ, ಗುಂಪು ಮಾಡಿ ಕಲಿಯಿರಿ ಎಂದು ವಿಜಯನಗರದ ಕ್ಲಾಸಿನ ಮೇಡಂ ಹೇಳಿದ್ದರು. ನನಗಿದು ಹೊಸದಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಇಂಗ್ಲಿಷ್ ಕಲಿಸಿದ್ದೂ ಹೀಗೇ. ಡ್ರಾಯಿಂಗ್ ರೂಮಿನ ಪದಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಆಗ ನಮ್ಮ ಮನೆಯಲ್ಲಿದ್ದದ್ದು ಒಂದು ನಡುಮನೆ, ಅದರಲ್ಲೊಂದು ಚಾಪೆ.

ಮೇಡಂ ಕೊಟ್ಟ ಅಡುಗೆಮನೆಯ ಗುಂಪಿನಲ್ಲಿ ಓವನ್, ಫೋರ್ಕ್, ವೈನ್ ಗ್ಲಾಸ್ ಇದ್ದವು. ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಕೊನೆಗೆ ನನ್ನವೇ ಗುಂಪು ಮಾಡಿಕೊಂಡೆ. ಏಕಾದಶಿಯ ದಿನ ತಿನ್ನದವು: ಅನ್ನ, ಈರುಳ್ಳಿ, ಬೆಳ್ಳುಳ್ಳಿ. ದೀಪ ಹಚ್ಚಿದ ಮೇಲೆ ಹೊರಗೆ ಕೊಡಬಾರದವು: ಉಪ್ಪು, ಸೂಜಿ, ಹಾಲು, ಮೊಸರು. ಆಮೇಲೆ ಮರೆಯಲಿಲ್ಲ.

ಪರೀಕ್ಷೆಯಲ್ಲಿ ಒಂದು ಚೀಟಿ ಎತ್ತಿ, ಅದರಲ್ಲಿರುವ ಪದ ಬಳಸಿ ಎದುರಿಗಿರುವವರನ್ನು ಪ್ರಶ್ನೆ ಕೇಳಬೇಕು. ನನ್ನೆದುರು ಕೂತವಳು ಜರ್ಮನಿಗೆ ಕೆಲಸಕ್ಕೆ ಹೊರಟಿದ್ದ ಹುಬ್ಬಳ್ಳಿ ಕಡೆಯ ನರ್ಸ್. ನನಗೆ ಬಂದದ್ದು ಉಪ್ಪು. ಸ್ವಲ್ಪ ಉಪ್ಪು ಕೊಡುತ್ತೀರಾ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿಗೆ ಅದು ಗುಂಪಿನ ಸಮೇತ ಬಂತು. ಸಂಜೆ ಹೊತ್ತು ಪಕ್ಕದ ಮನೆಗೆ ಉಪ್ಪು ಕೊಡುತ್ತೀರಾ ಎಂದು ಜರ್ಮನಿನಲ್ಲಿ ಕೇಳಿದೆ. ಇಲ್ಲ, ಯಾವತ್ತೂ ಇಲ್ಲ ಎಂದು ಅವಳೂ ಜರ್ಮನಿನಲ್ಲೇ ಹೇಳಿದಳು.

ಪರೀಕ್ಷಕಿ ಆ ದೇಶದವರೇ. ಪೆನ್ನು ಕೆಳಗಿಟ್ಟು, ಯಾಕೆ ಎಂದರು. ಮನೆಯ ಲಕ್ಷ್ಮಿ ಹೋಗುತ್ತಾಳೆ ಎನ್ನಬೇಕಿತ್ತು, ಆದರೆ ಲಕ್ಷ್ಮಿಗೆ ಪದ ನಮ್ಮಿಬ್ಬರ ಯಾವ ಗುಂಪಿನಲ್ಲೂ ಇರಲಿಲ್ಲ. ದುಡ್ಡು ಹೋಗುತ್ತದೆ ಎಂದೆ. ನರ್ಸ್ ಗಂಭೀರವಾಗಿ ತಲೆಯಾಡಿಸಿದಳು. ಪರೀಕ್ಷಕಿ ಬಹಳ ಹೊತ್ತು ಏನೋ ಬರೆದರು.

ಹೊರಗೆ ಬಂದ ಮೇಲೆ ಫೇಲಾದೆನೇನೋ ಎಂದು ನನಗೆ ಹೆದರಿಕೆಯಾಯಿತು. ನರ್ಸಿಗೇನೂ ಆಗಿರಲಿಲ್ಲ.

“ಹೊತ್ತು ಮುಳುಗಿದ ಮ್ಯಾಲ ಉಪ್ಪು ಯಾರ್ ಕೊಡ್ತಾರ್ರೀ ಅಕ್ಕಾರ? ಸರಿಯಾಗೇ ಹೇಳೇವಿ.”

ಅತ್ತಿಗುಪ್ಪೆಯಲ್ಲಿ ಮೆಟ್ರೊ ಇಳಿಯುವಾಗ ಮೆಸೇಜ್ ಬಂತು: ಪಾಸು. ನಮ್ಮವರಿಗೆ ಫೋನ್ ಮಾಡಿದೆ. ಅಲ್ಲಿ ತೊಗರಿಬೇಳೆ ಸಿಗುತ್ತದಂತಾ ಎಂದು ಕೇಳಿದರು.

ಎದುರುಮನೆಯಾಕೆ ಗೇಟಿನ ಹತ್ತಿರ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಪಾಸಾಯಿತು, ಇನ್ನು ಅಲ್ಲಿ ಅಕ್ಕಪಕ್ಕದವರ ಜೊತೆ ನಾಲ್ಕು ಮಾತಾದರೂ ಆಡಬಹುದು ಎಂದೆ. ಅವರು ಟವೆಲ್ ಕೊಡವುತ್ತಲೇ ಹೇಳಿದರು:

“ಒಳ್ಳೇದಾಯ್ತು ಬಿಡಿ. ಅಲ್ಲಿ ಅಕ್ಕಪಕ್ಕದೋರು ಮಾತೇ ಆಡಲ್ವಂತೆ ಕಣ್ರೀ.”