ಪೋರ್ಟ್‌ಬ್ಲೇರ್‌ನಿಂದ ಅಗತ್ತಿಗೆ ಮೂರು ಗಂಟೆ

ಆಗ ನಾನು ಫ್ರೇಜರ್‌ಟೌನ್‌ನ ಒಂದು ಟ್ರಾವೆಲ್ಸ್‌ನಲ್ಲಿ ಕೆಲಸಕ್ಕಿದ್ದೆ. ಒಬ್ಬರು ಆಂಟಿ ಬಂದು, ಪೋರ್ಟ್‌ಬ್ಲೇರ್‌ನಲ್ಲಿರೋ ಹುಷಾರಿಲ್ಲದ ಅಮ್ಮನನ್ನ ಪಶ್ಚಿಮ ಕಡಲಿನ ಅಗತ್ತಿ ದ್ವೀಪದಲ್ಲಿ ಕೆಲಸದಲ್ಲಿರೋ ತಮ್ಮನ ಹತ್ತಿರ ಕಳಿಸಬೇಕು, ಎಷ್ಟು ಹೊತ್ತಾಗುತ್ತೆ ಅಂತ ಕೇಳಿದರು. ಕಂಪ್ಯೂಟರ್ ನೇರ ದೂರ ಲೆಕ್ಕ ಹಾಕಿ ಮೂರು ಗಂಟೆ ಅಂತ ತೋರಿಸಿತು.

“ಅಷ್ಟೇ ಹೇಳಿ ಬುಕ್ ಮಾಡು,” ಅಂದರು ಮಾಲೀಕರು.

“ನಾನು ಹೇಳಲ್ಲ ಸರ್. ಆ ದಾರೀಲಿ ನೇರ ವಿಮಾನವೇ ಇಲ್ಲ. ಚೆನ್ನೈಲಿ, ಕೊಚ್ಚೀಲಿ ಇಳಿದು ಹತ್ತಬೇಕು. ಎರಡು ದಿನ ಆಗುತ್ತೆ.”

“ಗಿರಾಕಿ ಹೋಗ್ತಾರೆ ಕಣಮ್ಮ.”

“ಹೋಗ್ಲಿ ಸರ್.”

ಎರಡು ದಿನ ಅಂತಲೇ ಆಂಟಿಗೆ ಹೇಳಿದೆ. “ಅಷ್ಟು ಸುತ್ತೋಕೆ ಅಮ್ಮಿ ಕೈಲಿ ಆಗಲ್ಲ ಬೇಟಿ. ನಾನೇ ಹೋಗಿ ನಮ್ಮನೆಗೆ ಕರ್ಕೊಂಡ್ ಬರ್ತೀನಿ. ಟಿಕೆಟ್ ಮಾಡು,” ಅಂದರು.

ಮಾಲೀಕರು ಕಮಿಷನ್ ತಗೊಂಡರು, ನನ್ನ ಮೇಲಿನ ಸಿಟ್ಟನ್ನ ಮಾತ್ರ ಬಿಡಲಿಲ್ಲ.