ಸುಂದರವ್ವನ ಅಳತೆಯ ಕಾಗದ

ಸುಂದರವ್ವ ಸಿಂದಗಿಯವಳು. ಎಂಟು ವರ್ಷದವಳಿದ್ದಾಗ ಮೇವಿನ ಬಂಡಿಯ ಮೇಲಿಂದ ಬಿದ್ದು ಎಡಭುಜ ಇಳಿದಿತ್ತು. ಬೆನ್ನೂ ಆ ಕಡೆ ತುಸು ಬಾಗಿತ್ತು. ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ ರಂಗೂಬಾಯಿಯವರ ಹೊಲಿಗೆ ಕ್ಲಾಸಿಗೆ ಸೇರಿದಳು. ಅಲ್ಲಿ ಎಲ್ಲ ಹುಡುಗಿಯರಿಗೂ ಒಂದೇ ಕಾಗದದ ಅಚ್ಚು. ಅದನ್ನು ಬಟ್ಟೆಯ ಮೇಲಿಟ್ಟು ಕತ್ತರಿಸಿ ಹೊಲಿದರೆ ಉಳಿದವರಿಗೆ ಒಪ್ಪುತ್ತಿತ್ತು. ಸುಂದರವ್ವನ ಮೈಮೇಲೆ ಮಾತ್ರ ಎಡಗಡೆ ಕೊರಳು ಜಾರಿ, ಬಗಲಲ್ಲಿ ಬಟ್ಟೆ ಮುದುಡಿಕೊಳ್ಳುತ್ತಿತ್ತು.

"ಅಚ್ಚಿನೊಳಗ ತಪ್ಪಿಲ್ಲವ್ವಾ, ನಿನ್ನ ಮೈಯೊಳಗ ಅದ," ಅಂದರು ರಂಗೂಬಾಯಿ.

ಆ ಮಾತು ನಾಟಿತು. ಮೈ ಬದಲಿಸಲಾಗದು, ಕಾಗದ ಬದಲಿಸಬಹುದಲ್ಲ ಎಂದು ಹಟಕ್ಕೆ ಬಿದ್ದಳು. ಹಳೆ ಸೀರೆಯ ತುಂಡಿನಲ್ಲಿ ಕುಪ್ಪಸ ಹೊಲಿದು ತೊಟ್ಟು ನಿಂತಳು. ಗೆಳತಿ ಶಂಕ್ರೆವ್ವ ಹಿಂದೆ ನಿಂತು, ಹೆಚ್ಚಾದ ಬಟ್ಟೆಯನ್ನು ಚಿವುಟಿ ಚಿವುಟಿ ಟಾಚಣಿ ಪಿನ್ನು ಚುಚ್ಚಿದಳು. ತಾಯಿಯನ್ನು ಬಿಟ್ಟರೆ ಆ ಬೆನ್ನು ಕಂಡವಳು ಅವಳೊಬ್ಬಳೇ. ಟಾಚಣಿ ಹಿಡಿದಷ್ಟನ್ನು ಅಚ್ಚಿನಲ್ಲಿ ತಿದ್ದಿದರು: ಎಡಭುಜ ಒಂದಿಂಚು ಕೆಳಗೆ, ಬಗಲಿನ ಸುತ್ತೂ ಅಷ್ಟೇ ಕೆಳಗೆ. ಎಡಕ್ಕೊಂದು, ಬಲಕ್ಕೊಂದು ಬೇರೆ ಕಾಗದ. ಐದು ಸಲ ಕೆಟ್ಟಿತು. ಆರನೆಯದು ಮೈಗೆ ಒಪ್ಪವಾಗಿ ಕೂತಿತು. ಅಂದು ಅವಳು ಮೊದಲ ಬಾರಿ ಎರಡೂ ಭುಜಕ್ಕೆ ಸೆರಗು ಹೊದೆಯದೆ ಸಂತೆಗೆ ಹೋಗಿಬಂದಳು.

ಮರುವರ್ಷ ಶಂಕ್ರೆವ್ವ ಮದುವೆಯಾಗಿ ಬಸವನ ಬಾಗೇವಾಡಿಗೆ ಹೋದಳು. ಗಂಡನ ಚಿಕ್ಕಪ್ಪನ ಮಗ ಶ್ರೀಶೈಲಪ್ಪನಿಗೆ ಸುಂದರವ್ವನನ್ನು ಸೂಚಿಸಿದವಳೂ ಅವಳೇ. ಹುಡುಗ ಬಂದು ನೋಡಿ ಒಪ್ಪಿದ; ಆ ಕುಪ್ಪಸದಲ್ಲಿ ಭುಜದ ಓರೆ ಅವನಿಗೆ ಕಾಣಲಿಲ್ಲ.

"ಭುಜದ ಸಂಗತಿ ನಾನ ಅವರ ಮುಂದ ಹೇಳ್ತೇನಿ," ಎಂದಳು ಸುಂದರವ್ವ ಗೆಳತಿಗೆ. "ಸೋಮವಾರ ಮತ್ತ ಬರ್ತಾರಲ್ಲ, ಅವತ್ತ."

"ಹೇಳು ಹೇಳು," ಎಂದಳು ಶಂಕ್ರೆವ್ವ. ನಾದಿನಿಗೆ ಹೊಲಿಯಬೇಕು, ತಿದ್ದುವ ರೀತಿ ಮರೆತಿದ್ದೇನೆ ಎಂದು ಆ ಎರಡೂ ಕಾಗದಗಳನ್ನು ಮಡಚಿ ಒಯ್ದಳು.

ಸೋಮವಾರ ಯಾರೂ ಬರಲಿಲ್ಲ. ಬುಧವಾರ ಅಣ್ಣ ಗುರಪ್ಪ ಬಾಗೇವಾಡಿಗೆ ಹೋಗಿ, ಮುಖ ಸಣ್ಣದು ಮಾಡಿಕೊಂಡು ಬಂದ. ಹುಡುಗನ ತಾಯಿ ಪಡಸಾಲೆಯಲ್ಲಿ, ಶಂಕ್ರೆವ್ವ ಒಯ್ದಿದ್ದ ಆ ಎರಡು ಕಾಗದ ಹಾಸಿ, ಒಂದರ ಮೇಲೊಂದು ಇಟ್ಟು ಎಡಬಲದ ಅಂತರ ತೋರಿಸಿದ್ದಳಂತೆ: "ನೋಡ್ರಿ, ನಿಮ್ಮ ಹುಡುಗಿ ಹೆಂಗ ಅದಾಳ ಅಂತ ಇದ ಹೇಳತೈತಿ. ಮುಚ್ಚಿಟ್ಟು ಕೊಡಾಕ ನಿಂತಿದ್ರಿ."

ಮರುದಿನವೇ ಸುಂದರವ್ವ ಬಸ್ಸು ಹತ್ತಿ ಹೋಗಿ ಶಂಕ್ರೆವ್ವನ ಬಾಗಿಲಲ್ಲಿ ನಿಂತಳು.

"ನಾಳೆ ಗೊತ್ತಾದ್ರ ಎಲ್ಲಾರೂ ನನ್ನ ಮ್ಯಾಲ ಬರ್ತಿದ್ರವಾ," ಎಂದಳು ಶಂಕ್ರೆವ್ವ, ಮುಖ ನೋಡದೆ. "ನಾ ಈ ಮನ್ಯಾಗ ಬಾಳ್ವೆ ಮಾಡಬೇಕಲ್ಲ?"

"ಸೋಮವಾರದ ತನಕ ತಡೀಲಿಲ್ಲಲ್ಲ ನೀ! ನಾ ಹೇಳಿದ್ರ ಅದು ನನ್ನ ಮಾತಾಗತಿತ್ತು. ನೀ ನನ್ನ ಬೆನ್ನ ಬಿಚ್ಚಿ ಮಂದಿ ಮುಂದ ಹಾಸಿದಿ."

ಕಾಗದ ಕೊಡು ಎಂದು ಕೇಳಿದಳು. ಕೈಯಿಂದ ಕೈಗೆ ಹೋಗಿ ಈಗೆಲ್ಲಿವೆಯೋ ಗೊತ್ತಿಲ್ಲ ಎಂದಳು ಶಂಕ್ರೆವ್ವ. ಸುಂದರವ್ವ ಒಂದು ತಂಬಿಗೆ ನೀರೂ ಮುಟ್ಟದೆ ತಿರುಗಿ ಬಂದಳು.

ಆಮೇಲೆ ಇಂಡಿಯಲ್ಲಿ ಸೋದರತ್ತೆಯ ಮನೆಯಲ್ಲಿ ಮಷೀನು ಇಟ್ಟುಕೊಂಡಳು. ಬಾಣಂತಿಯರು, ಬೆನ್ನು ಬಾಗಿದವರು, ಒಂದು ತೋಳು ಸಣ್ಣದಾದವರು ಝಳಕಿಯಿಂದಲೂ ಹುಡುಕಿಕೊಂಡು ಬಂದರು. ಹೊಲಿದಾದ ಮೇಲೆ ಅವರವರ ಅಚ್ಚನ್ನು ಅವರವರ ಕೈಗೇ ಕೊಟ್ಟುಬಿಡುತ್ತಿದ್ದಳು. ತನ್ನದನ್ನು ಮಾತ್ರ, ಅತ್ತೆ ನೆರವಿಗೆ ಬಂದರೂ ಬೇಡವೆಂದು, ಬಾಗಿಲು ಹಾಕಿಕೊಂಡು ತಾನೇ ಅಳೆದುಕೊಳ್ಳುತ್ತಿದ್ದಳು. ಬೆನ್ನಿಗೆ ಕೈ ಎಟುಕುತ್ತಿರಲಿಲ್ಲ. ಅಚ್ಚು ಮೊದಲಿನಷ್ಟು ಸರಿಯಾಗಲೇ ಇಲ್ಲ.

ಎಪ್ಪತ್ತೆಂಟರಲ್ಲಿ ಶಂಕ್ರೆವ್ವ ಮಗನ ಹೆಸರಿಡುವುದಕ್ಕೆ ಕರೆ ಕಳಿಸಿದಳು. ಹೋಗದಿದ್ದರೆ ಬಿಡು, ಕೂಸಿನ ತಲೆಗೊಂದು ಕುಂಚಿಗೆಯನ್ನಾದರೂ ಹೊಲಿದು ಕಳಿಸು ಎಂದಳು ಅತ್ತೆ.

"ಆ ಮನಿಗೆ ನನ್ನ ಕೈಯಿಂದ ಏನೂ ಹೋಗೂದಿಲ್ಲತ್ತಿ," ಎಂದಳು ಸುಂದರವ್ವ.